ಗುಂಪಿನಲ್ಲಿ ಮಾತಾಡಬೇಕು, ಯಾರು ಅಂತ ಗೊತ್ತಾಗಬಾರದು. ಆಗುತ್ತಾ?

ನೆರಳು_ಮಂಡ್ಯ ಕೇಳಿದ್ದು:

ನಮಸ್ಕಾರ. ನಾನು ಮಂಡ್ಯದವಳು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಓದಿದವಳಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ತೊನ್ನು ಇದೆ. ಒಂಬತ್ತು ವರ್ಷ ಆಯ್ತು. ಅದು ಅಂಟುವ ಕಾಯಿಲೆ ಅಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಹೆಣ್ಣು ನೋಡೋ ದಿನ ಮಾತ್ರ ಯಾರಿಗೂ ಅದು ನೆನಪಿರುವುದಿಲ್ಲ. ವಾರಕ್ಕೆ ಎರಡು ದಿನ ಮೈಸೂರಿಗೆ ಲೈಟ್ ಟ್ರೀಟ್‌ಮೆಂಟ್‌ಗೆ ಹೋಗುತ್ತಿದ್ದೆ, ನ್ಯಾರೋಬ್ಯಾಂಡ್ ಯುವಿಬಿ ಅಂತಾರಲ್ಲ, ಅದು. ಆಳೆತ್ತರದ ಪೆಟ್ಟಿಗೆಯೊಳಗೆ ಕನ್ನಡಕ ಹಾಕಿಕೊಂಡು ಕೆಲವು ನಿಮಿಷ ನಿಂತರೆ ಮುಗೀತು. ಅಷ್ಟಕ್ಕೆ 45 ಕಿಲೋಮೀಟರ್ ಹೋಗಬೇಕು, 45 ಬರಬೇಕು, ನಡುವೆ ಎರಡು ಗಂಟೆ ಬೆಂಚಿನ ಮೇಲೆ ಕಾಯಬೇಕು. ನಮ್ಮ ಗುಂಪು ಹುಟ್ಟಿದ್ದು ಆ ಬೆಂಚಿನ ಮೇಲೆ. ಪೂರ್ತಿ ತೋಳಿನ ಬ್ಲೌಸ್ ಹಾಕಿದವರು, ಬೇಸಿಗೆಯಲ್ಲೂ ಸಾಕ್ಸ್ ಹಾಕಿದವರು, ಒಬ್ಬರನ್ನೊಬ್ಬರು ನೋಡಿ ನಕ್ಕು ಶುರುವಾದದ್ದು.

2021ರಲ್ಲಿ ವಾಟ್ಸಾಪ್ ಗ್ರೂಪ್ ಮಾಡಿದೆ. 'ತೊನ್ನು ಗೆಳೆಯರು ಮಂಡ್ಯ ಮೈಸೂರು' ಅಂತ ಹೆಸರು. ಎಂಟು ಜನ ಇದ್ದದ್ದು 84 ಆಯ್ತು. ಯಾವ ಮುಲಾಮು ಉರಿಯುತ್ತದೆ, ಯಾವ ನಾಟಿ ಔಷಧಿಯವನು ದುಡ್ಡು ಕಿತ್ತ, ಶಾಲೆಯಲ್ಲಿ ಮಗುವನ್ನು ಬೇರೆ ಕೂರಿಸಿದರೆ ಏನು ಹೇಳಬೇಕು, ಇಂಥವೇ ಮಾತು. ರಾತ್ರಿ ಹತ್ತರ ಮೇಲೆ ಬರುತ್ತಿದ್ದ ವಾಯ್ಸ್ ನೋಟುಗಳ ಕಥೆಯೇ ಬೇರೆ. ಗಂಡ ಮಲಗಿದ ಮೇಲೆ ಬಚ್ಚಲಮನೆಯಿಂದ ಪಿಸುಗುಟ್ಟಿದವರೂ ಇದ್ದರು.

ಮಾರ್ಚಿನಲ್ಲಿ ನಮ್ಮವರೇ ಒಬ್ಬರು, ಇನ್ಯಾರಿಗಾದರೂ ಉಪಯೋಗ ಆಗಲಿ ಅಂತ, ಗ್ರೂಪಿನ ಲಿಂಕನ್ನು ತಮ್ಮ ಊರಿನ ಗ್ರೂಪಿಗೆ ಹಾಕಿದರು. ಆ ಲಿಂಕಿನಿಂದ ಒಬ್ಬ ಒಳಗೆ ಬಂದ. ಡಿಪಿಯಲ್ಲಿ ದೇವರ ಫೋಟೋ. ಒಂದು ಮಾತೂ ಆಡಲಿಲ್ಲ. ಆಮೇಲೆ ಗೊತ್ತಾಯ್ತು, ಅವನು ಸಂಬಂಧ ಕುದುರಿಸುವ ಬ್ರೋಕರ್. ಸದಸ್ಯರ ಪಟ್ಟಿ ತೆಗೆದು, ತನ್ನ ಹತ್ತಿರ ಇದ್ದ ಜಾತಕಗಳ ನಂಬರ್ ಜೊತೆ ತಾಳೆ ನೋಡಿದ್ದಾನೆ. ಒಂದು ನಂಬರ್ ಕೂಡಿತು. ಯಾವ ತಾಲೂಕಿನ ಹುಡುಗಿ ಅಂತ ಹೇಳುವುದಿಲ್ಲ. ತೊನ್ನು ಇರುವುದು ಆ ಹುಡುಗಿಗೂ ಅಲ್ಲ, ಅವಳ ಅಮ್ಮನಿಗೆ. ಅಮ್ಮನಿಗೆ ಓದಲು ಬರುವುದಿಲ್ಲ ಅಂತ ಮಗಳ ನಂಬರಿನಲ್ಲಿ ಸೇರಿದ್ದರು. ಹೂ ಮುಡಿಸುವ ಶಾಸ್ತ್ರಕ್ಕೆ ನಾಲ್ಕು ದಿನ ಇತ್ತು. ಗಂಡಿನ ಕಡೆಯವರು ಫೋನ್ ಮಾಡಿ ಬೇಡ ಅಂದುಬಿಟ್ಟರು.

ಅವರು ಅವತ್ತೇ ಗ್ರೂಪ್ ಬಿಟ್ಟರು. ಮೂರು ವಾರದಲ್ಲಿ ಇನ್ನೂ 31 ಜನ ಬಿಟ್ಟರು. ಉಳಿದವರು ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ, ಅಷ್ಟೇ. ಹುಡುಗಿಯ ಸೋದರಮಾವ ನನಗೆ ಫೋನ್ ಮಾಡಿ, ಅಡ್ಮಿನ್ ನೀನು, ನಿನ್ನ ಮೇಲೇ ಕೇಸು ಹಾಕುತ್ತೇನೆ ಅಂದರು.

ನಂಬರ್ ಕಾಣಬಾರದು, ಹೆಸರು ಕಾಣಬಾರದು, ಆದರೆ ಮಾತು ನಡೆಯಬೇಕು. ಇದು ಆಗುವ ಕೆಲಸವಾ? ಒಬ್ಬರು ಟೆಲಿಗ್ರಾಂ ಅಂತಾರೆ, ಒಬ್ಬರು ಸಿಗ್ನಲ್ ಅಂತಾರೆ, ಎರಡೂ ವಾಟ್ಸಾಪ್ ಥರದ್ದೇ ಆ್ಯಪ್ ಅಂತೆ. ಸರ್ಕಾರ ನೋಡುತ್ತದಾ, ಕಂಪನಿ ನೋಡುತ್ತದಾ ಅನ್ನುವುದು ನನಗೆ ದೊಡ್ಡ ಚಿಂತೆ ಅಲ್ಲ. ನನಗೆ ಹೆದರಿಕೆ ಇರುವುದು ಪಕ್ಕದ ಬೀದಿಯವರದು.

ಹೂಟಗಳ್ಳಿ_ಟೆಕ್ಕಿ:

ಕೊನೆಯ ಸಾಲು ಬರೆದಿರಲ್ಲ, ಅದರಿಂದಲೇ ಶುರು ಮಾಡಬೇಕು. ಯಾರಿಂದ ಬಚ್ಚಿಡಬೇಕು ಅಂತ ಗೊತ್ತಿಲ್ಲದೆ ಆ್ಯಪ್ ಹುಡುಕುವವರೇ ಜಾಸ್ತಿ. ವಾಟ್ಸಾಪ್‌ನಲ್ಲಿ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ. ನಿಮ್ಮ ಮಾತನ್ನು ದಾರಿಯಲ್ಲಿ ಯಾರೂ ಕದ್ದು ಕೇಳಲಾರರು. ಆದರೆ ಬ್ರೋಕರ್ ದಾರಿಯಲ್ಲಿ ಕಾದಿರಲಿಲ್ಲ. ಬಾಗಿಲಿಂದ ಬಂದು ನಿಮ್ಮ ಚಾಪೆ ಮೇಲೇ ಕೂತಿದ್ದ. ಅವನ ಮುಂದೆ ಬೀಗ ಎಷ್ಟು ಗಟ್ಟಿಯಿದ್ದರೆ ಏನು?

ಮೊದಲು ಈಗಿನ ಗ್ರೂಪ್ ನೋಡಿ. ಗ್ರೂಪ್ ಇನ್ಫೋಗೆ ಹೋಗಿ ಲಿಂಕ್ ರೀಸೆಟ್ ಮಾಡಿ. ಊರೆಲ್ಲ ಸುತ್ತುತ್ತಿರುವ ಹಳೆಯ ಲಿಂಕ್ ಆ ಕ್ಷಣವೇ ಸಾಯುತ್ತದೆ. ಹೊಸಬರು ಬರಬೇಕಾದರೆ ಅಡ್ಮಿನ್ ಒಪ್ಪಬೇಕು ಅನ್ನುವ ಸೆಟ್ಟಿಂಗ್ ಅಲ್ಲೇ ಇದೆ, ಆನ್ ಮಾಡಿ. 2025ರಲ್ಲಿ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಅಂತ ಒಂದು ಬಂತು. ಅದನ್ನು ಹಾಕಿದರೆ ಇಡೀ ಚಾಟನ್ನು ಫೈಲ್ ಮಾಡಿ ಹೊರಗೆ ಕಳಿಸಲು ಆಗುವುದಿಲ್ಲ. ಸ್ಕ್ರೀನ್‌ಶಾಟ್ ಮಾತ್ರ ತಡೆಯುವುದಿಲ್ಲ. ಇನ್ನೊಂದು ವಿಷಯ, ನಿಮಗೆ ಬೇಜಾರಾಗಬಹುದು. ಗ್ರೂಪ್ ಬಿಟ್ಟವರ ನಂಬರ್ 60 ದಿನ ಅಲ್ಲೇ 'ಹಿಂದಿನ ಸದಸ್ಯರು' ಅನ್ನುವ ಪಟ್ಟಿಯಲ್ಲಿ ಕಾಣುತ್ತಿರುತ್ತದೆ. ಆ ಹುಡುಗಿಯದೂ, ಆ 31 ಜನರದೂ. ಅದಕ್ಕೇ ಬ್ರೋಕರ್ ಇನ್ನೂ ಒಳಗಿದ್ದರೆ ಮೊದಲು ಅವನನ್ನು ತೆಗೆಯಿರಿ.

ವಾಟ್ಸಾಪ್‌ನ ಮಾಮೂಲಿ ಗ್ರೂಪಿನಲ್ಲಿ ನಂಬರ್ ಮುಚ್ಚಿಡಲು ಆಗುವುದಿಲ್ಲ. ಕಮ್ಯುನಿಟಿ ಅಂತ ಮಾಡಿದರೆ, ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಸದಸ್ಯರ ನಂಬರ್ ಕಾಣುವುದು ಅಡ್ಮಿನ್‌ಗೆ ಮತ್ತು ಮೊದಲೇ ಅದನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಆದರೆ ಅಲ್ಲಿ ಸಂದೇಶ ಹಾಕುವುದು ಅಡ್ಮಿನ್ ಮಾತ್ರ. ಡಂಗುರ ಸಾರಲು ಸರಿ, ಹರಟೆಗೆ ಆಗದು.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಬಹುದು. ಆದರೆ ಅಲ್ಲಿನ ಗ್ರೂಪ್ ಚಾಟಿಗೆ ಎಂಡ್ ಟು ಎಂಡ್ ಬೀಗವೇ ಇಲ್ಲ. ಅದು ಇಬ್ಬರ ನಡುವಿನ ಸೀಕ್ರೆಟ್ ಚಾಟಿಗೆ ಮಾತ್ರ. ಎಲ್ಲರೂ ಟೆಲಿಗ್ರಾಂ ಅಂದರೆ ಗುಟ್ಟು ಅಂದುಕೊಂಡಿದ್ದಾರೆ, ಯಾಕೋ ಗೊತ್ತಿಲ್ಲ.

ನನ್ನ ಓಟು ಸಿಗ್ನಲ್‌ಗೆ. ಅಕೌಂಟ್ ತೆರೆಯಲು ನಂಬರ್ ಬೇಕೇ ಬೇಕು. ಆದರೆ 2024ರಿಂದ ಅದು ಬೇರೆಯವರಿಗೆ ತಾನಾಗಿ ಕಾಣುವುದಿಲ್ಲ, ನಂಬರ್ ಬದಲು ಬಳಕೆದಾರರ ಹೆಸರು ಕೊಟ್ಟರೆ ಸಾಕು. 2016ರಲ್ಲಿ ಅಮೆರಿಕದ ಕೋರ್ಟಿನಿಂದ ಎರಡು ನಂಬರಿನ ವಿವರ ಕೊಡಿ ಅಂತ ಆದೇಶ ಬಂದಾಗ ಅವರ ಹತ್ತಿರ ಕೊಡಲು ಇದ್ದದ್ದು ಎರಡೇ: ಅಕೌಂಟ್ ತೆರೆದ ಸಮಯ, ಕೊನೆಗೆ ಕನೆಕ್ಟ್ ಆದ ದಿನ.

ಒಂದು ಕಡೆ ಮಾತ್ರ ಹುಷಾರು. ಸಿಗ್ನಲ್‌ನಲ್ಲಿ 'ನಂಬರ್ ಯಾರು ನೋಡಬಹುದು', 'ನಂಬರಿನಿಂದ ನನ್ನನ್ನು ಯಾರು ಹುಡುಕಬಹುದು' ಅಂತ ಎರಡು ಬೇರೆ ಸೆಟ್ಟಿಂಗ್ ಇವೆ. ಮೊದಲನೆಯದು 'ಯಾರೂ ಇಲ್ಲ' ಅಂತಲೇ ಬಂದಿರುತ್ತದೆ. ಎರಡನೆಯದು 'ಎಲ್ಲರೂ' ಅಂತ ಇರುತ್ತದೆ. ಪ್ರೊಫೈಲ್ ತುಂಬುವಾಗಲೇ ಅದನ್ನು ಬದಲಾಯಿಸಿ. ಇಲ್ಲವಾದರೆ ನಿಮ್ಮ ನಂಬರ್ ಇಟ್ಟುಕೊಂಡವರಿಗೆಲ್ಲ 'ಇವರು ಸಿಗ್ನಲ್‌ಗೆ ಬಂದರು' ಅಂತ ಸುದ್ದಿ ಹೋಗುತ್ತದೆ. ನಿಮ್ಮ ನಂಬರ್ ಮೊದಲೇ ಸೇವ್ ಆಗಿರುವ ಫೋನಿನಲ್ಲಿ ಮಾತ್ರ ಆ ನಂಬರ್ ಕಾಣಬಹುದು.

ಕಬ್ಬಿನಗದ್ದೆ:

ಅಕ್ಕ, ಇಷ್ಟೆಲ್ಲ ಯಾಕೆ? ಎಲ್ಲರೂ ಒಂದೊಂದು ಹೊಸ ಸಿಮ್ ತಗೊಳ್ಳಲಿ. ಭಾವಮೈದನ ಹೆಸರಲ್ಲೋ ಯಾರ ಹೆಸರಲ್ಲೋ. ಆ ನಂಬರಲ್ಲಿ ವಾಟ್ಸಾಪ್ ಹಾಕಿ. ಮುಗೀತಲ್ಲ.

ಹೂಟಗಳ್ಳಿ_ಟೆಕ್ಕಿ:

ಮುಗಿಯಲ್ಲ ಸ್ವಾಮಿ. ಯಾವುದಾದರೂ ಯುಪಿಐ ಆ್ಯಪ್ ತೆಗೆದು ಒಂದು ನಂಬರ್ ಒತ್ತಿ ನೋಡಿ. ಅದು ಯುಪಿಐಗೆ ಸೇರಿದ್ದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬರುತ್ತದೆ, ಇನಿಷಿಯಲ್ ಸಮೇತ. ಒಂದು ರೂಪಾಯಿ ಕಳಿಸುವುದೂ ಬೇಡ. ಟ್ರೂಕಾಲರ್ ಬೇರೆ ಇದೆ. ಅಲ್ಲಿ ನೀವು ಇಟ್ಟುಕೊಂಡ ಹೆಸರು ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಜನ ತಮ್ಮ ಫೋನಿನಲ್ಲಿ ನಿಮ್ಮನ್ನು ಏನಂತ ಸೇವ್ ಮಾಡಿದ್ದಾರೋ ಅದೂ ಬರಬಹುದು. 'ಹಾಲಿನ ಡೈರಿ ರಾಜಣ್ಣನ ಮಗಳು' ಅಂತ ಬಂದರೆ ಆಧಾರ್ ಕಾರ್ಡಿಗಿಂತ ವಿವರ ಜಾಸ್ತಿ ಆಯ್ತು.

ಮೋಸ ಮಾಡಿ ಬೇರೆಯವರ ಹೆಸರಿನಲ್ಲಿ ಸಿಮ್ ತೆಗೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ನಿಮ್ಮದೇ ಹೆಸರಿನಲ್ಲಿ ತೆಗೆದು ರೀಚಾರ್ಜ್ ಮಾಡದೆ ಬಿಟ್ಟರೂ ಕಷ್ಟ. ಕೆಲವು ತಿಂಗಳಿಗೆ ಆ ನಂಬರ್ ಇನ್ಯಾರಿಗೋ ಹೋಗುತ್ತದೆ. ಅವರು ವಾಟ್ಸಾಪ್ ಹಾಕಿಕೊಂಡಾಗ ನಿಮ್ಮ ಗ್ರೂಪಿನವರಿಗೆ ನೀವೇ ಬಂದಿರಿ ಅನ್ನಿಸಬಹುದು.

ಕರಿಕೋಟಿಲ್ಲದವ:

ನಾನು ವಕೀಲ ಅಲ್ಲ, ಕೋರ್ಟ್ ಕೆಲಸ ಮಾಡಿ ನಿವೃತ್ತನಾದವನು. ಸೋದರಮಾವನ ಕೇಸಿಗೆ ಹೆದರಬೇಡಿ. ಸದಸ್ಯ ಹಾಕಿದ ಕೆಟ್ಟ ಪೋಸ್ಟಿಗೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನಿಮ್ಮದು ಸ್ವಲ್ಪ ಬೇರೆ ವಿಷಯ, ಆದರೂ ದಿಕ್ಕು ಗೊತ್ತಾಗುತ್ತದಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜನರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ನೆರಳು_ಮಂಡ್ಯ:

ಥ್ಯಾಂಕ್ಸ್ ಸರ್, ಧೈರ್ಯ ಬಂತು. ಆದರೆ ಬ್ರೋಕರ್ ತೀರ್ಪು ಓದಿಕೊಂಡು ಜಾತಕ ಹೊಂದಿಸುವುದಿಲ್ಲವಲ್ಲ!

ಟೆಕ್ಕಿಯವರೇ, ಹಿಂದಿನ ಸದಸ್ಯರ ಪಟ್ಟಿ ತೆಗೆದು ನೋಡಿದೆ. ಆ ಹುಡುಗಿಯ ನಂಬರ್ ಎಲ್ಲಕ್ಕಿಂತ ಕೆಳಗೆ ಇತ್ತು. ಊಟ ಸೇರಲಿಲ್ಲ.

ಅಗ್ರಹಾರ_64:

ನಾನು ಮೈಸೂರಿನ ಅಗ್ರಹಾರದವಳು, ವಯಸ್ಸು ಹೆಸರಿನಲ್ಲೇ ಇದೆ. ಮನೆಯಲ್ಲಿ ಕುಡಿಯುವವರು ಇರುವ ಹೆಂಗಸರ ಗುಂಪೊಂದನ್ನು 11 ವರ್ಷ ನಡೆಸಿದ್ದೇನೆ. ಶುರುವಿನಲ್ಲಿ ಫೋನ್ ಇರಲಿಲ್ಲ. ಭಾನುವಾರ ಸಂಜೆ ಒಂದು ಮಹಡಿ ಕೋಣೆ, ಒಂದು ಫ್ಲಾಸ್ಕ್ ಕಾಫಿ. ಬರೀ ಮೊದಲ ಹೆಸರು, ಅದೂ ನಿಜವೇ ಆಗಬೇಕು ಅಂತಿಲ್ಲ. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಡುವವರ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದಾಗಿನಿಂದ ನಡೆದು ಬಂದ ಪದ್ಧತಿ, ನಾವು ಇಲ್ಲಿಗೆ ತಕ್ಕ ಹಾಗೆ ಮಾಡಿಕೊಂಡಿದ್ದೆವು.

ಟೆಕ್ಕಿ ಹೇಳಿದ್ದೆಲ್ಲ ಸರಿ. ಆದರೆ ಮಗೂ, ನಂಬರ್ ಮುಚ್ಚಿದರೆ ಅರ್ಧ ಕೆಲಸ ಕೂಡ ಆಗುವುದಿಲ್ಲ. ನಮ್ಮವರಿಗೆ ಮನುಷ್ಯರನ್ನು ಪತ್ತೆ ಮಾಡಲು ಎರಡು ಪ್ರಶ್ನೆ ಸಾಕು. ಯಾವೂರು? ಯಾರ ಪೈಕಿ? ನಮ್ಮ ಗುಂಪಿನಲ್ಲಿ ಒಬ್ಬಳು 'ನಮ್ಮ ಮನೆ ನಾಲೆ ಏರಿ ಪಕ್ಕ, ಅಂಗನವಾಡಿಗೆ ಹೋಗ್ತೀನಿ, ಇಬ್ಬರು ಗಂಡುಮಕ್ಕಳು' ಅಂದಳು. ಹೆಸರು ಹೇಳಲಿಲ್ಲ. ಇನ್ನೊಬ್ಬಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು, ಅವನು ಕೂತ ಜಾಗದಲ್ಲೇ ಆ ಮೊದಲನೆಯವಳ ಮಾವನ ಹೆಸರು ಹೇಳಿದನಂತೆ. ಆಮೇಲೆ ನಾವು ಕಟ್ಟಪ್ಪಣೆ ಮಾಡಿದೆವು. ಊರು ಬೇಡ, ಕೆಲಸ ಬೇಡ, ಮಕ್ಕಳ ಲೆಕ್ಕ ಬೇಡ. ಸಂಕಟ ಮಾತ್ರ ಹೇಳಿ.

ವಾಯ್ಸ್ ನೋಟಂತೂ ಬೇಡವೇ ಬೇಡ. ದನಿಯೇ ಸಾಕು, ಅದರ ಜೊತೆಗೆ ಮಾತಿನ ವರಸೆ. 'ಐತೆ ಕಣ್ಲಾ' ಅಂದರೆ ಮಂಡ್ಯ, 'ಯಾನ' ಅಂದರೆ ನಂಜನಗೂಡು, ಚಾಮರಾಜನಗರದ ಕಡೆ. ಹಿಂದೆ ಕರು ಕೂಗಿದ್ದು, ದೇವಸ್ಥಾನದ ಮೈಕು, ಎಲ್ಲ ಅದರಲ್ಲೇ ಬರುತ್ತದೆ. ನಿಮ್ಮ ವಿಷಯದಲ್ಲಿ ಫೋಟೋ ಇನ್ನೂ ಅಪಾಯ ಅಂತ ನನಗೆ ಕಾಣುತ್ತದೆ. ಮಚ್ಚೆಯ ಆಕಾರ ಒಬ್ಬರದಿದ್ದ ಹಾಗೆ ಇನ್ನೊಬ್ಬರದಿರುತ್ತದಾ? ಕೈ ಒಂದನ್ನೇ ತೆಗೆದರೂ ನೋಡಿದವರಿಗೆ ಗುರುತು ಸಿಗುತ್ತದೆ. ಬಳೆ, ಉಂಗುರ, ಹಿಂದಿನ ಸೋಫಾ ಕವರ್ ಕೂಡ ಸಾಕ್ಷಿ ಹೇಳುತ್ತವೆ.

ಮತ್ತೆ ಆ ಗುಂಪಿನ ಹೆಸರು! ಲಾಕ್ ಆದ ಫೋನಿನ ಮೇಲೂ ಅದು ಬರುತ್ತದಲ್ಲವಾ? ಮೇಜಿನ ಮೇಲೆ ಫೋನ್ ಇಟ್ಟು ನೀರು ಕುಡಿಯಲು ಹೋದರೆ ಮುಗೀತು ಕಥೆ. ಹಪ್ಪಳ ಸಂಡಿಗೆ ಅಂತ ಏನಾದರೂ ಇಡಿ. ಯಾರೂ ಎರಡನೇ ಸಲ ನೋಡುವುದಿಲ್ಲ.

ಕೊನೆಗೆ ಒಂದು. ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. ಮಂಡ್ಯ, ಬಟ್ಟೆ ಅಂಗಡಿ, ಲೆಕ್ಕ ಬರೆಯುವವರು, ಒಂಬತ್ತು ವರ್ಷದ ತೊನ್ನು. ಇದಕ್ಕೆಲ್ಲ ಹೊಂದುವವರು ನಿಮ್ಮ ಊರಿನಲ್ಲಿ ಎಷ್ಟು ಜನ ಇದ್ದೀರಿ?

ಹೂಟಗಳ್ಳಿ_ಟೆಕ್ಕಿ:

ಅಮ್ಮ, ಕೈ ಮುಗಿದೆ. ಇದನ್ನೇ ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್‌ಕೋಡ್, ಈ ಮೂರು ಗೊತ್ತಿದ್ದರೆ ಅಮೆರಿಕದ 87 ಶೇಕಡಾ ಜನರಿಗೆ ಬೇರೆ ಜೋಡಿಯೇ ಸಿಗಲಿಕ್ಕಿಲ್ಲ, ಅವರೇ ಅಂತ ಹೇಳಿಬಿಡಬಹುದು ಅಂತ. ನೀವು ಕಾಫಿ ಫ್ಲಾಸ್ಕ್ ಇಟ್ಟುಕೊಂಡೇ ಕಂಡುಹಿಡಿದಿದ್ದೀರಿ.

ಫೋಟೋಗೆ ಒಂದು ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ಲೊಕೇಶನ್ ಅಳಿಸಿಹೋಗುತ್ತದೆ. ಚೆನ್ನಾಗಿ ಕಾಣಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮನೆಯ ಅಕ್ಷಾಂಶ ರೇಖಾಂಶ ಸಮೇತ ಹೋಗಬಹುದು.

ನೆರಳು_ಮಂಡ್ಯ, ಐದು ವಾರದ ನಂತರ:

ಎಲ್ಲರಿಗೂ ಒಂದು ವರದಿ ಒಪ್ಪಿಸಬೇಕು ಅನ್ನಿಸಿತು.

ಮೊದಲು ಅಮ್ಮನವರ ಪ್ರಶ್ನೆಗೆ ಉತ್ತರ. ಅದನ್ನು ಓದಿ ಒಂದು ಕ್ಷಣ ಮೈ ಜುಂ ಅಂತು. ಆಮೇಲೆ ನಗು ಬಂತು. ನನ್ನ ಮಚ್ಚೆ ತುಟಿ ಪಕ್ಕ ಇದೆ, ಹುಬ್ಬಿನ ಮೇಲೂ ಇದೆ. ಅಂಗಡಿಗೆ ಬರುವವರೆಲ್ಲ ನೋಡಿದ್ದಾರೆ. ನಾನು ಬಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಅದಕ್ಕೇ ನನಗೆ ಹೊಳೆದೇ ಇರಲಿಲ್ಲ. ತೋಳಿನೊಳಗೆ, ಸೀರೆಯೊಳಗೆ ಇಟ್ಟುಕೊಂಡವರ ಕಷ್ಟ ಬೇರೆ. ಅವರ ಗುಟ್ಟನ್ನು ಕಾಯುವ ಕೆಲಸ, ಗುಟ್ಟೇ ಇಲ್ಲದ ನನ್ನ ಕೈಯಲ್ಲಿತ್ತು.

ಈಗ ಎರಡು ಮನೆ ಮಾಡಿದ್ದೇನೆ. ವಾಟ್ಸಾಪ್‌ನ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಬರೀ ಸುದ್ದಿ. ಯಾವ ದಿನ ಮೆಷಿನ್ ಕೆಟ್ಟಿದೆ, ಯಾವ ಡಾಕ್ಟರ್ ರಜೆ, ಜೂನ್ 25ರ ವಿಶ್ವ ವಿಟಿಲಿಗೋ (ತೊನ್ನು) ದಿನಕ್ಕೆ ಏನು ಮಾಡೋಣ, ಇಷ್ಟೇ. ಮಾತೆಲ್ಲ ಸಿಗ್ನಲ್‌ನಲ್ಲಿ. ಹಳೆಯ ಗ್ರೂಪ್ ಮುಚ್ಚಿದೆ. ಒಬ್ಬೊಬ್ಬರನ್ನೇ ತೆಗೆದು ಕೊನೆಗೆ ನಾನೂ ಹೊರಗೆ ಬಂದೆ. ಬಾಡಿಗೆ ಮನೆ ಖಾಲಿ ಮಾಡಿದ ಹಾಗಿತ್ತು.

ಸಿಗ್ನಲ್ ಕಲಿಸಿದ್ದು ಅದೇ ಬೆಂಚಿನ ಮೇಲೆ. ಫೋನ್ ಕೈಗೆ ತೆಗೆದುಕೊಂಡು, ಆ ಎರಡನೇ ಸೆಟ್ಟಿಂಗ್ ಬದಲಾಯಿಸಿದ ಮೇಲೇ ಮುಂದಕ್ಕೆ. ಒಬ್ಬ ಅಣ್ಣ ಮನೆಯಲ್ಲಿ ತಾನೇ ಹಾಕಿಕೊಂಡು ಬಂದಿದ್ದರು. ಅವರ ಆಫೀಸಿನ ಇಬ್ಬರಿಗೆ 'ಇವರು ಸಿಗ್ನಲ್‌ಗೆ ಬಂದರು' ಅಂತ ಹೋಗಿ, ಏನ್ ಸಾರ್ ಗುಟ್ಟು ಅಂತ ಕೇಳಿದರಂತೆ. ಷೇರು ಮಾರ್ಕೆಟ್ ಅಂದು ತಪ್ಪಿಸಿಕೊಂಡರು. ಎಲ್ಲರಿಗೂ ಮರದ ಹೆಸರು. ಹೊಂಗೆ, ಬೇವು, ಸಂಪಿಗೆ, ಅತ್ತಿ. ಒಬ್ಬರು ಮಾತ್ರ ಹಟ ಹಿಡಿದು ಮುದ್ದೆ ಅಂತ ಇಟ್ಟುಕೊಂಡಿದ್ದಾರೆ. ಈಗ 29 ಜನ ಇದ್ದೇವೆ.

ಹೊಸಬರನ್ನು ಸೇರಿಸುವುದೇ ತಲೆನೋವು. ಯಾರು ಅಂತ ಗೊತ್ತಾಗಬಾರದು ಅಂದ ಮೇಲೆ ಬ್ರೋಕರ್ ಮತ್ತೆ ಬೇರೆ ಹೆಸರಿನಲ್ಲಿ ಬಂದರೆ? ಅದಕ್ಕೆ ಲಿಂಕನ್ನು ಯಾರಿಗೂ ಕಳಿಸುವುದಿಲ್ಲ. ಬೆಂಚಿನ ಮೇಲೆ ಎದುರಾಬದುರು ಕೂತಾಗ ಮಾತ್ರ ತೋರಿಸುವುದು, ಸೇರಿದ ಮೇಲೆ ರೀಸೆಟ್. ದೂರದವರಿಗೆ ಆ ಪೆಟ್ಟಿಗೆಯೊಳಗಿನ ಒಂದು ವಿಷಯ ಕೇಳುತ್ತೇನೆ, ಒಳಗೆ ನಿಂತವರಿಗಷ್ಟೇ ಗೊತ್ತಿರುವಂಥದ್ದು. ಯಾವ ಪ್ರಶ್ನೆ ಅಂತ ಇಲ್ಲಿ ಬರೆಯುವುದಿಲ್ಲ. ಇದೂ ಗಟ್ಟಿ ಬೀಗ ಅಲ್ಲ, ಗೊತ್ತು.

ವಾಯ್ಸ್ ನೋಟ್ ನಿಲ್ಲಿಸಿದ್ದು ನನಗೆ ನಿಜವಾಗಲೂ ನಷ್ಟ. ಬರೆಯಲು ಬಾರದವರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡುತ್ತಾರೆ, ಅದು ಅಕ್ಷರ ಆಗುತ್ತದೆ. ಅದು ಗೂಗಲ್‌ಗೆ ಕೇಳಿಸಬಹುದು ಅಂತ ಟೆಕ್ಕಿಯವರು ಮೆಸೇಜ್ ಮಾಡಿದ್ದರು. ಕೇಳಿಸಲಿ ಬಿಡಿ, ಗೂಗಲ್ ನಮ್ಮ ಮನೆಗೆ ಹೆಣ್ಣು ಕೇಳಲು ಬರುವುದಿಲ್ಲ. ಆದರೆ ನಮ್ಮ ಹಳ್ಳಿ ಮಾತನ್ನು ಆ ಮೈಕು ಏನೇನೋ ಮಾಡಿ ಬರೆಯುತ್ತದೆ. ಅತ್ತು ಹೇಳಿದ್ದೂ ನಕ್ಕು ಹೇಳಿದ್ದೂ ಒಂದೇ ಥರ ಕಾಣುತ್ತದೆ. ರಾತ್ರಿ ಹತ್ತಕ್ಕೆ ಫೋನ್ ಸುಮ್ನೆ ಬಿದ್ದಿರುತ್ತದೆ.

ಹೋದ ವಾರ ಅತ್ತಿ ಅನ್ನುವವರು ಬರೆದಿದ್ದರು. ಮಗಳಿಗೆ ಮತ್ತೆ ಒಂದು ಕಡೆಯಿಂದ ಬಂದಿದೆ, ಈ ಸಲ ನಾನೇ ಮೊದಲು ಕೈ ತೋರಿಸಿ ಆಮೇಲೆ ಕಾಫಿ ಕೊಟ್ಟೆ, ಅವರು ಕಾಫಿ ಕುಡಿದು ಹೋದರು ಅಂತ. ಆ ಅಮ್ಮನೇ ಇರಬಹುದು, ಇಲ್ಲದೆಯೂ ಇರಬಹುದು. ಕೇಳಬೇಕು ಅಂತ ಬೆರಳು ಬಂತು. ಕೇಳಲಿಲ್ಲ.

ಅಂದಹಾಗೆ ಗುಂಪಿನ ಹೆಸರು ಈಗ 'ಹಪ್ಪಳ ಸಂಡಿಗೆ ಆರ್ಡರ್'. ಸಂಪಿಗೆಯವರ ಅತ್ತೆ ಫೋನಿನ ಮೇಲೆ ಅದನ್ನು ನೋಡಿ, ಹಬ್ಬಕ್ಕೆ ಎರಡು ಕೆಜಿ ಅಕ್ಕಿ ಹಪ್ಪಳ ಹೇಳಿಬಿಡು ಅಂದಿದ್ದಾರಂತೆ. ಮೈಸೂರಿನಲ್ಲಿ ಒಳ್ಳೆ ಹಪ್ಪಳ ಎಲ್ಲಿ ಸಿಗುತ್ತದೆ, ಅಗ್ರಹಾರದ ಅಮ್ಮ? ಶುಕ್ರವಾರದೊಳಗೆ ಬೇಕು.